ಕಾಕಾ ಯಾಕೆ ನೀರು ಕುಡಿಯಲಿಲ್ಲ

ನಾನು ಕೆಲಸ ಮಾಡುವ ಬೆಳಗಾವಿಯ ಆಸ್ಪತ್ರೆಯಲ್ಲಿ, ನಮ್ಮ ವಾರ್ಡಿನ ತುದಿಗೆ ಒಂದು ಸಣ್ಣ ಕೋಣೆ ಇದೆ. ಮೊದಲು ಅದರಲ್ಲಿ ಮುರಿದ ಗಾಲಿಕುರ್ಚಿಗಳನ್ನು ತುಂಬಿದ್ದರು. ಇನ್ನು ಗುಣವಾಗುವುದಿಲ್ಲ ಎಂದು ಗೊತ್ತಾದ ರೋಗಿಗಳು ವಾರ್ಡಿನ ಗದ್ದಲದ ನಡುವೆ ಸಾಯುವುದು ಬೇಡ, ಅವರಿಗೊಂದು ಕಿಟಕಿ, ಒಂದು ಫ್ಯಾನು, ಪಕ್ಕದಲ್ಲಿ ಕೂರುವವರಿಗೊಂದು ಸ್ಟೂಲು ಇರಲಿ ಎಂದು ನಾನೇ ಬೆನ್ನುಹತ್ತಿ ಅದನ್ನು ಖಾಲಿ ಮಾಡಿಸಿದೆ. ಖಾಲಿ ಮಾಡಿಸಿದ ತಪ್ಪಿಗೆ ಅದು ನನ್ನ ಕೊರಳಿಗೇ ಬಿತ್ತು. ಉಳಿದ ಸಿಸ್ಟರುಗಳು ಅದನ್ನು ‘ಮೂಲಿ ಖೋಲಿ’, ಮೂಲೆ ಕೋಣೆ, ಅನ್ನುತ್ತಾರೆ, ಅಲ್ಲಿ ಡ್ಯೂಟಿ ಬಿದ್ದರೆ ಬದಲಿ ಹುಡುಕುತ್ತಾರೆ. ಆ ಬದಲಿ ಯಾವಾಗಲೂ ನಾನೇ.

ನಾನು ಒಂಟಿ. ಅದನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಟಿಳಕವಾಡಿಯಲ್ಲಿ ಒಂದು ಬಾಡಿಗೆ ಖೋಲಿ, ಒಂದು ಗ್ಯಾಸು, ಒಂದು ತಟ್ಟೆ. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ನಮ್ಮದು ಜೈನರ ಮನೆ, ಅಜ್ಜಿ ಹಚ್ಚಿಕೊಟ್ಟ ನೇಮ ಅದು. ಸಂಜೆ ಪಾಳಿಯಲ್ಲಿ ಎಲ್ಲರೂ ಡಬ್ಬಿ ಬಿಚ್ಚುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ, ನಾನು ‘ಹಸಿವಿಲ್ಲ’ ಎಂದು ಎದ್ದುಬಿಡುತ್ತೇನೆ. ಕಾರಣ ಹೇಳಲು ಹೋದರೆ ಹತ್ತು ಪ್ರಶ್ನೆ. ನನ್ನ ಅಡ್ಡಹೆಸರು ಊರಿನ ಹೆಸರಿಗೆ ‘ಕರ’ ಹಚ್ಚಿದ್ದು. ನಮ್ಮ ಕಡೆ ಅಂಥ ಹೆಸರಿನಿಂದ ಯಾರು ಯಾವ ಮನೆಯವರು ಎಂದು ತಿಳಿಯುವುದಿಲ್ಲ. ಹೀಗಾಗಿ ವಾರ್ಡಿನ ಆಯಾ, ಎಲ್ಲರೂ ‘ಮಾವಶಿ’ ಎಂದು ಕರೆಯುವ ಹೆಂಗಸು, ನನ್ನ ಬಗ್ಗೆ ತನ್ನದೇ ತೀರ್ಪು ಕೊಟ್ಟಾಗಿತ್ತು: “ಈ ಸಿಸ್ಟರಿಗೆ ಗತ್ತು ಭಾಳ. ನಮ್ಮ ಜೋಡಿ ಕುಂತು ಉಣ್ಣಾಕ ನಾಚಿಕಿ.” ನನಗೆ ಕೇಳುವಂತೆಯೇ ಹೇಳುತ್ತಿದ್ದಳು. ನಾನೂ ಕೇಳಿಸದವಳಂತೆ ಇರುತ್ತಿದ್ದೆ.

ಅಂಥ ದಿನಗಳಲ್ಲಿ, ವಾರ್ಡಿನಲ್ಲಿ ನಾವೆಲ್ಲ ಕಾಕಾ ಎಂದು ಕರೆದ ರೋಗಿ ಬಂದರು. ಫೌಂಡ್ರಿಯಲ್ಲಿ ಮರಳಿನ ಅಚ್ಚು ಕಟ್ಟುತ್ತಿದ್ದವರು. ವರ್ಷಗಟ್ಟಲೆ ಸಣ್ಣ ಧೂಳು ಒಳಗೆ ಹೋಗಿ ಅವರ ಶ್ವಾಸಕೋಶ ಗಟ್ಟಿಯಾಗಿತ್ತು. ಹೆಂಡತಿ ತೀರಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಅನಗೋಳದ ಒಂದು ಓಣಿಯಲ್ಲಿ ಒಬ್ಬರೇ ಇದ್ದರು. ರಕ್ತಸಂಬಂಧ ಎಂದರೆ ಖಾನಾಪುರದಲ್ಲಿರುವ ಒಬ್ಬ ತಂಗಿ. ಅವರನ್ನು ತುರ್ತು ವಿಭಾಗಕ್ಕೆ ಕರೆತಂದ ಮನೆ ಮಾಲಕರು ಹೊರಡುವ ಮುಂಚೆ ನನಗೆ ಹೇಳಿದ್ದು ಒಂದೇ ಮಾತು: “ಭಾಳ ನೇಮದ ಮನಿಶಾ ಇದ್ದಾರ್ರಿ. ಚಂದಂಗ ನೋಡ್ಕೋರಿ.” ಅವರ ಅಡ್ಡಹೆಸರೂ ನನ್ನ ಹಾಗೆ ‘ಕರ’ದಿಂದ ಮುಗಿಯುವಂಥದ್ದು.

ದೊಡ್ಡ ಡಾಕ್ಟರು ಎಕ್ಸ್‌ರೇ ನೋಡಿ, ಕಾಕಾನ ಪಕ್ಕದಲ್ಲಿ ಕೂತು ಎಲ್ಲವನ್ನೂ ಬಿಡಿಸಿ ಹೇಳಿದರು. ಗಂಟಲಿಗೆ ನಳಿಕೆ ಇಳಿಸಿ ಉಸಿರಾಟದ ಯಂತ್ರಕ್ಕೆ ಹಚ್ಚಿದರೆ ಮತ್ತೆ ಅದರಿಂದ ಬಿಡಿಸುವುದು ಕಷ್ಟ, ಹಚ್ಚಲೋ ಬೇಡವೋ ಎಂದು ಕೇಳಿದರು. ಕಾಕಾ ಆಕ್ಸಿಜನ್ ಮಾಸ್ಕಿನೊಳಗಿಂದಲೇ “ನಕೋ, ಬ್ಯಾಡ” ಅಂದರು. ಫೋನಿನಲ್ಲಿ ತಂಗಿಯೂ ಬೇಡ ಅಂದಳು. ಹಾಗೆ ಅವರು ಮೂಲೆ ಕೋಣೆಗೆ, ನನ್ನ ಪಾಲಿಗೆ ಬಂದರು.

ಅವರಿಗೆ ಮಲಗಲು ಆಗುತ್ತಿರಲಿಲ್ಲ. ಅಂಗಾತ ಮಲಗಿಸಿದರೆ ಮುಳುಗುವವರ ಹಾಗೆ ಒದ್ದಾಡುತ್ತಿದ್ದರು. ಮಂಚದ ತಲೆಭಾಗ ಪೂರ್ತಿ ಎತ್ತಿ, ಎದುರಿಗೆ ಊಟದ ಟೇಬಲ್ ಎಳೆದು, ಅದರ ಮೇಲೆ ಎರಡು ದಿಂಬು ಇಟ್ಟು, ಅವರ ಮೊಣಕೈಗಳನ್ನು ಅದಕ್ಕೆ ಆನಿಸಿದೆ. ಹೆಗಲು ಮೇಲೆದ್ದರೆ ಎದೆಗೆ ಜಾಗ ಸಿಗುತ್ತದೆ. ಸಣ್ಣ ಟೇಬಲ್ ಫ್ಯಾನು ಮುಖಕ್ಕೆ ತಿರುಗಿಸಿದೆ; ಕೆನ್ನೆಗೆ ಗಾಳಿ ಬಡಿದರೆ ಉಸಿರಿನ ಹಪಹಪಿ ತಗ್ಗುತ್ತದೆ, ಇದು ನೂರು ಸಲ ಕಂಡ ಸತ್ಯ. ಕೀಂ ಕೀಂ ಅನ್ನುವ ಮಾನಿಟರನ್ನು ಡಾಕ್ಟರ ಒಪ್ಪಿಗೆ ಪಡೆದು ತೆಗೆಸಿದೆ. ಚರ್ಮದಡಿ ಸ್ವಲ್ಪವೇ ಮಾರ್ಫಿನ್ ಶುರುವಾಯಿತು. ಕೂತು ಕೂತು ಟೊಂಕದ ಕೆಳಗೆ ಹುಣ್ಣಾಗದಂತೆ ಆಗಾಗ ಒಂದು ಮಗ್ಗುಲು ಎತ್ತಿ ದಿಂಬು ಬದಲಿಸುತ್ತಿದ್ದೆ. ಉಸಿರು ಹತೋಟಿಗೆ ಬಂತು.

ಆದರೆ ಅವರು ಬಾಯಿ ತೆರೆಯಲಿಲ್ಲ. ಗಂಜಿ ಬೇಡ, ಹಾಲು ಬೇಡ, ಚಮಚದಲ್ಲಿ ನೀರು ಬೇಡ. ಬಾಯಿ ಒರೆಸಲು ಒದ್ದೆ ಬಟ್ಟೆ ಒಯ್ದರೂ ಮುಖ ತಿರುಗಿಸುತ್ತಿದ್ದರು. ಚಮಚ ಕಂಡೊಡನೆ ಎಡಗೈ ಚಾಚಿ, ಅಂಗೈ ಮೇಲಾಗಿ ತೆರೆದು, ನನ್ನ ಮುಖ ನೋಡುತ್ತಿದ್ದರು. ಸಾಕು, ಬಿಟ್ಟುಬಿಡು ಅನ್ನುತ್ತಿದ್ದಾರೆ ಎಂದುಕೊಂಡೆ. ಒಮ್ಮೆ ಮಾಸ್ಕ್ ಸರಿಸಿ “ಖಾನಾಪುರ” ಎಂದರು. ಊರಿಗೆ ಹೋಗಿ ಸಾಯುವ ಆಸೆ ಇರಬೇಕೆಂದು ಅಂಬುಲೆನ್ಸು, ಆಕ್ಸಿಜನ್ ಸಿಲಿಂಡರುಗಳ ವಿಚಾರಣೆ ಮಾಡಿದೆ. ಅಷ್ಟು ದೂರದ ಕುಲುಕಾಟ ತಡೆಯಲಾರರು ಎಂದು ಡಾಕ್ಟರು ಬೇಡವೆಂದರು.

ನನ್ನ ಅಜ್ಜಿ ಸಲ್ಲೇಖನದಲ್ಲಿ ಹೋದವಳು. ಮೊದಲು ಅನ್ನ, ಆಮೇಲೆ ಹಾಲು, ಕಡೆಗೆ ನೀರು ಬಿಟ್ಟು, ಎಲ್ಲರನ್ನೂ ಕ್ಷಮೆ ಕೇಳಿ, ನಮೋಕಾರ ಮಂತ್ರ ಕೇಳುತ್ತ ಕಣ್ಣು ಮುಚ್ಚಿದಳಂತೆ. ‘ಅಂತೆ’ ಯಾಕೆಂದರೆ ನಾನು ಆಗ ನರ್ಸಿಂಗ್ ಪರೀಕ್ಷೆಯಲ್ಲಿದ್ದೆ. ನನ್ನನ್ನು ಸಾಕಿದವಳು ಅವಳು, ಅವಳ ಬದಿಯಲ್ಲಿ ನಾನಿರಲಿಲ್ಲ. ಈಗ ಇಲ್ಲೊಬ್ಬ ನೇಮದ ಮನುಷ್ಯ, ಅಡ್ಡಹೆಸರು ನಮ್ಮಂಥದೇ, ಶಾಂತವಾಗಿ ಅನ್ನ ನೀರು ಬಿಟ್ಟು ಕೂತಿದ್ದಾನೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುವುದು ಸುಳ್ಳಲ್ಲ.

ಕೇಳಿಯೇ ಕೇಳಿದೆ: “ಕಾಕಾ, ನೀವು ಮನಸ್ಸಿನಿಂದನ ಉಣ್ಣೂದು ಬಿಟ್ಟೀರೇನ್ರಿ? ಇದು ನಿಮ್ಮ ನೇಮ ಏನ್ರಿ?”

ಅವರು ತಲೆ ಆಡಿಸಿದರು. ಹೌದು.

ಪ್ರಶ್ನೆಯ ಹೊಟ್ಟೆಯಲ್ಲಿ ನನ್ನ ಉತ್ತರವನ್ನೇ ತುಂಬಿ ಕೇಳಿದ್ದೆ. ಒಂದೊಂದು ಶಬ್ದಕ್ಕೂ ಉಸಿರು ಖರ್ಚಾಗುವ ಮನುಷ್ಯ ಇನ್ನೇನು ಹೇಳಿಯಾರು? ಆದರೆ ಆಗ ಅದು ಹೊಳೆಯಲಿಲ್ಲ. ಮೂಗಿನಿಂದ ಹೊಟ್ಟೆಗೆ ಆಹಾರದ ನಳಿಕೆ ಹಾಕೋಣ ಎಂದು ಡಾಕ್ಟರು ಹೇಳಿದಾಗ ನಾನು ಅಡ್ಡ ನಿಂತೆ. ರೋಗಿಗೆ ಪ್ರಜ್ಞೆ ಇದೆ, ಕೇಳಿದ್ದೇನೆ, ಇದು ಅವರ ನಿರ್ಧಾರ ಎಂದು ವಾದಿಸಿದೆ. ಡಾಕ್ಟರು ಒಪ್ಪಿದರು. ಖಾನಾಪುರದ ತಂಗಿಗೂ ಫೋನ್ ಮಾಡಿ, “ನಿಮ್ಮ ಅಣ್ಣಾರು ಸ್ವಂತ ಇಚ್ಛಾದಿಂದ ಅನ್ನ ನೀರು ಬಿಟ್ಟಾರ” ಎಂದು ತಿಳಿಸಿದೆ. ಆ ಕಡೆಯಿಂದ ಮಾತೇ ಬರಲಿಲ್ಲ. ದುಃಖಕ್ಕೆ ಸುಮ್ಮನಾಗಿದ್ದಾಳೆ ಎಂದುಕೊಂಡು ನಾನೇ ಫೋನ್ ಇಟ್ಟೆ. ಆ ದಿನ ಖೋಲಿಗೆ ಹೋಗುವಾಗ ಅಜ್ಜಿಯ ಸಾಲ ತುಸು ತೀರಿತು ಅನ್ನುವ ಸಮಾಧಾನವೂ ಇತ್ತು. ನೆನೆದರೆ ಈಗ ಮೈ ಉರಿಯುತ್ತದೆ.

ಕೈಯಲ್ಲಿ ಹೋಗುತ್ತಿದ್ದ ಸಲೈನು ಎರಡು ದಿನ ಕಾಪಾಡಿತು. ಆಮೇಲೆ ನರ ಕೈಕೊಟ್ಟಿತು. ತೋಳು ಬಾತುಕೊಂಡಿತು, ಇನ್ನೊಂದು ಕೈಯಲ್ಲೂ ಸೂಜಿ ನಿಲ್ಲಲಿಲ್ಲ. ನಾಲಿಗೆ ಒಣಗಿ ಸೀಳು ಬಿಟ್ಟಿತು. ಡಾಕ್ಟರು ಬೆಳಗಿನ ರೌಂಡಿನಲ್ಲಿ ನನ್ನ ಕಡೆ ನೋಡಿ, “ನಳಿಕೆ ಹಾಕಬೇಕು, ಇಲ್ಲಾ ಏನೂ ಹಾಕಬಾರದು. ಮಧ್ಯಾಹ್ನದೊಳಗ ಹೇಳ್ರಿ ಸಿಸ್ಟರ್, ಅವರನ್ನ ಹತ್ತಿರದಿಂದ ನೋಡಿದವರು ನೀವು” ಎಂದರು. ಏನೂ ಬೇಡ ಅನ್ನುವುದೆಂದು ನಾನು ನಿಶ್ಚಯಿಸಿಯೇ ಇದ್ದೆ. ಅದಕ್ಕೂ ಮೊದಲು ಮೈ ಒರೆಸಿ ಮಡಿ ಅಂಗಿ ಹಾಕೋಣ, ಹೋಗುವವರು ಸ್ವಚ್ಛವಾಗಿ ಹೋಗಲಿ ಎಂದುಕೊಂಡೆ. ಕದಲಿಸಿದರೆ ಉಸಿರು ಕೆಡುತ್ತದೆಂದು ಅಲ್ಲಿಯತನಕ ಯಾರೂ ಅವರ ಮೈ ಒರೆಸಿರಲಿಲ್ಲ.

ಅದನ್ನು ತುಣುಕು ತುಣುಕಾಗಿ ಮಾಡಬೇಕು. ಉಗುರುಬೆಚ್ಚಗಿನ ನೀರು, ಮೊದಲು ಮುಖ, ಸ್ವಲ್ಪ ವಿಶ್ರಾಂತಿ. ಕೈ, ಮತ್ತೆ ವಿಶ್ರಾಂತಿ. ಮಾವಶಿ ಅವರ ಬೆನ್ನಿಗೆ ಆಸರೆಯಾಗಿ ನಿಂತಳು. ಆಸ್ಪತ್ರೆಯ ಅಂಗಿಯ ಹಿಂದಿನ ಕಸಿ ಬಿಚ್ಚಿ ಕೆಳಗೆ ಸರಿಸಿದೆ. ಕುಲುಮೆಯ ಝಳಕ್ಕೆ ಕಾಕಾನ ಕೊರಳೂ ಎದೆಯೂ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು. ಆ ಬಣ್ಣದ ನಡುವೆ ಕೊರಳ ಸುತ್ತ ಒಂದು ಬಿಳಿ ಗೆರೆ, ಅದು ಇಳಿದು ಬಂದು ಎದೆಯ ಮೇಲೆ ನಿಲ್ಲುವಲ್ಲಿ ಕೋಳಿತತ್ತಿಯ ಗಾತ್ರದ ಒಂದು ಬಿಳಿ ಗುರುತು. ಕೆಂಡದ ಮುಂದೆ ನಿಂತ ಅಷ್ಟೂ ವರ್ಷ ಅಲ್ಲೊಂದು ವಸ್ತು ಕೂತು ಆ ಚರ್ಮವನ್ನು ಕಾಯ್ದಿತ್ತು.

ಬೆಳಗಾವಿಯಲ್ಲಿ ಹುಟ್ಟಿದವಳಿಗೆ ಅದೇನೆಂದು ಯಾರೂ ಹೇಳಬೇಕಿಲ್ಲ. ಇಷ್ಟಲಿಂಗ ಇಡುವ ಬೆಳ್ಳಿಯ ಕರಡಿಗೆ. ನೇಮದ ಲಿಂಗಾಯತರು ಬೆಳಿಗ್ಗೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಹನಿ ನೀರನ್ನೂ ಮುಟ್ಟುವುದಿಲ್ಲ. ನಾನು ಒರೆಸುವ ಬಟ್ಟೆಯನ್ನು ಬೇಸಿನ್ನಿನಲ್ಲಿ ಬಿಟ್ಟೆ.

“ಕಾಕಾ, ನಿಮ್ಮ ಲಿಂಗಾ ಎಲ್ಲೈತ್ರಿ?”

ಅವರು ಎಡಗೈ ಚಾಚಿ ಅಂಗೈ ತೆರೆದರು. ಇಷ್ಟು ದಿನ ನಾನು ‘ಸಾಕು’ ಎಂದು ಓದಿಕೊಂಡ ಅದೇ ಖಾಲಿ ಅಂಗೈ. ಕಣ್ಣಿಂದ ನೀರು ಇಳಿದು ಮಾಸ್ಕಿನ ಅಂಚಿಗೆ ಬಂದು ನಿಂತಿತು.

“ನೀರಡಿಕಿ ಆಗೈತೇನ್ರಿ?” ಎಂದು ಮಾವಶಿ ಹಿಂದಿನಿಂದ ಕೇಳಿದಳು. ನಾನು ಯಾವತ್ತೂ ಕೇಳದ ಪ್ರಶ್ನೆ. ಕಾಕಾ ತಲೆ ಆಡಿಸಿದರು, ಆಡಿಸುತ್ತಲೇ ಇದ್ದರು.

ತುರ್ತು ವಿಭಾಗಕ್ಕೆ ಓಡಿದೆ. ಎದೆಯ ಎಕ್ಸ್‌ರೇಗೆ ಲೋಹ ಇರಬಾರದೆಂದು ಅದನ್ನು ತೆಗೆದು ಜೊತೆಗೆ ಬಂದವರಿಗೆ ಕೊಟ್ಟಿದ್ದೇವೆ ಎಂದರು. ಮನೆ ಮಾಲಕರಿಗೆ ಫೋನ್ ಮಾಡಿದೆ. “ಬೆಳ್ಳಿದಿತ್ತಲ್ರಿ, ದವಾಖಾನ್ಯಾಗ ಕಳೀಬಾರದಂತ ಕಾಕಾನ ಮುಂದನ ಹೇಳಿ ಖಾನಾಪುರಕ್ಕ ಒಯ್ದು ತಂಗಿ ಕೈಯಾಗ ಕೊಟ್ಟೇನ್ರಿ,” ಎಂದರು. ಪಾಪ, ಅವರದು ಜವಾಬ್ದಾರಿಯ ಕೆಲಸವೇ. ‘ಖಾನಾಪುರ’ ಅಂದರೆ ಏನೆಂದು ನನಗೆ ಆಗ ತಿಳಿಯಿತು.

ಡಾಕ್ಟರ ಮುಂದೆ ಹೋಗಿ ನಿಂತೆ. “ಸರ್, ನಾ ಹೇಳಿದ್ದು ತಪ್ಪಾತ್ರಿ. ಅವರು ಏನೂ ಬಿಟ್ಟಿಲ್ಲ. ಲಿಂಗಪೂಜಿ ಆಗಿಲ್ಲಂತ ಕಾದು ಕುಂತಾರ.”

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರ ಕೈ ಮಾತ್ರ ತನ್ನಷ್ಟಕ್ಕೆ ಅಂಗಿಯ ಗುಂಡಿಯ ಹತ್ತಿರ ಹೋಯಿತು. “ನಂದೂ ಲಿಂಗಾ ಮನ್ಯಾಗ ದ್ಯಾವರ ಜಗಲಿ ಮ್ಯಾಲೆ ಐತಿ,” ಎಂದರು. “ಕೊರಳಾಗ ಹಾಕ್ಕೊಳ್ಳೂದು ಬಿಟ್ಟು ಎಷ್ಟೋ ವರ್ಷ ಆತು. ನನಗಾರ ಹೊಳೀಬೇಕಿತ್ತು.” ಮರುದಿನದ ರೌಂಡಿನ ತನಕ ನಳಿಕೆ ಹಾಕುವುದಿಲ್ಲ ಎಂದು ಬರೆದುಕೊಟ್ಟರು. ಅಲ್ಲಿಯತನಕ ಕಾಕಾ ಉಳಿಯುತ್ತಾರೆಂದು ಅವರಿಗೂ ಖಾತ್ರಿ ಇರಲಿಲ್ಲ, ನನಗೂ ಇರಲಿಲ್ಲ.

ರೋಗಿಗಳ ಮನೆಗೆ ನಾವು ಹೋಗುವ ಪದ್ಧತಿ ಇಲ್ಲ. ಮೆಟ್ರನ್ ಬೇಡವೆಂದರು, ತಂಗಿಯನ್ನೇ ಕರೆಸಿರಿ ಎಂದರು. ತಂಗಿಯ ಫೋನು ಹತ್ತಲಿಲ್ಲ. ಬೆಳಗಿನ ಪಾಳಿ ಮುಗಿದ ಮೇಲೆ ನಾನು ನರ್ಸಲ್ಲ, ಬರೀ ಒಬ್ಬ ಹೆಂಗಸು ಎಂದು ನನಗೆ ನಾನೇ ಹೇಳಿಕೊಂಡು, ಬಟ್ಟೆ ಬದಲಿಸಿ ಖಾನಾಪುರದ ಬಸ್ಸು ಹತ್ತಿದೆ. ಪೀರನವಾಡಿ ದಾಟಿದ ಮೇಲೆ ಬಸ್ಸು ಖಾಲಿಯಾಯಿತು. ದಾರಿಯುದ್ದಕ್ಕೂ ಒಂದೇ ಚಿಂತೆ, ನಾನು ಬರುವಷ್ಟರಲ್ಲಿ ಅವರು ಬಾಯಾರಿಯೇ ಹೋಗಿಬಿಟ್ಟರೆ? ಆ ಚಿಂತೆ ಹಂಚಿಕೊಳ್ಳಲು ಫೋನಿನಲ್ಲಿ ಯಾರ ಹೆಸರೂ ಸಿಗಲಿಲ್ಲ.

ಮನೆ ಮಾಲಕರು ಗುರುತು ಹೇಳಿದ್ದಂತೆ ತಂಗಿಯ ಮನೆ ಹೊಳೆಯ ಕಡೆಗಿನ ಓಣಿಯಲ್ಲಿತ್ತು. ಬಾಗಿಲಲ್ಲೇ ಹೊಲಿಗೆ ಮಷೀನು, ಒಳಗೆ ಮಂಚದ ಮೇಲೆ ಲಕವಾ ಹೊಡೆದು ಕೈಕಾಲು ಬಿದ್ದ ಗಂಡ. ಆಕೆ ಅವನಿಗೆ ಗಂಜಿ ಕುಡಿಸುತ್ತಿದ್ದಳು. ನಾನು ಯಾರೆಂದು ಹೇಳಿದೊಡನೆ ಬಟ್ಟಲು ಕೆಳಗಿಟ್ಟು, “ಹೋದನೇನ್ರಿ?” ಎಂದಳು.

“ಇಲ್ಲವ್ವಾ. ಲಿಂಗಾ ಬೇಕಾಗೈತಿ. ಅದಿಲ್ಲಂತನ ಅವರು ನೀರ ಕುಡಿಯವಲ್ರು.”

ಆಕೆ ಗೋಡೆ ಹಿಡಿದು ಕೂತಳು. “ನೀವು ಫೋನಿನ್ಯಾಗ ಹೇಳಿದಾಗ, ನಾ ಬರಲಿಲ್ಲಂತ ಅಣ್ಣಾ ಸಿಟ್ಟಿಗೆದ್ದಾನ, ಅದಕ ಉಣ್ಣೂದು ಬಿಟ್ಟಾನ ಅಂತ ತಿಳಕೊಂಡ್ನಿ. ಇವರನ್ನ ಯಾರ ಮ್ಯಾಲೆ ಹಾಕಿ ಬರಲ್ರಿ ನಾನು? ಮಾರಿ ತೋರಸಾಕ ಧೈರ್ಯ ಆಗಲಿಲ್ಲ. ನಿಮ್ಮ ಫೋನ್ ಬಂದೀತಂತ ಅದನ್ನ ಬಂದ್ ಮಾಡಿಟ್ಟೀನಿ.” ಸೆರಗಿನಿಂದ ಮುಖ ಒರೆಸಿಕೊಂಡಳು. “ಕಳೀಬಾರದಂತ ಲಿಂಗಾ ಜಗಲಿ ಮ್ಯಾಲೆ ಇಟ್ಟು ದಿನಾ ನೀರ ಹಾಕೀನಿ. ಲಿಂಗಕ್ಕ ನೀರ ಸಿಕ್ಕೈತಿ, ಅಣ್ಣಗ ಸಿಕ್ಕಿಲ್ಲಲ್ಲವ್ವಾ.”

ಕಾಕಾ ಉಪವಾಸ ಕೂತದ್ದರಲ್ಲಿ ನಾನು ಅಜ್ಜಿಯನ್ನು ಕಂಡಿದ್ದೆ, ಆಕೆ ತನ್ನ ತಪ್ಪನ್ನು ಕಂಡಿದ್ದಳು. ನಡುವೆ ಒಬ್ಬ ಮನುಷ್ಯ ಬಾಯಾರಿ ಕೂತಿದ್ದ.

ನಾನು ಜೈನರವಳು, ಮುಟ್ಟಬಹುದೋ ಇಲ್ಲವೋ ಎಂದು ಕೇಳಿದೆ. ಆಕೆ ಸ್ವಲ್ಪ ಯೋಚಿಸಿ, ಕೈಕಾಲು ತೊಳೆದು ಬಂದು, ಕರಡಿಗೆಯನ್ನು ಕುಪ್ಪಸದ ಹೊಸ ಖಣದಲ್ಲಿ ಸುತ್ತಿದಳು. “ಓಢಣಿ ಒಡ್ಡ್ರಿ. ಉಡಿಯೊಳಗ ಹಾಕ್ತೀನಿ. ಉಡಿಯಾಗ ಹಾಕಿದ್ದು ಹೆಣ್ಣಮಗಳಿಗೆ ಮೈಲಿಗಿ ಅಲ್ಲ.” ನಾನು ಹೆಗಲ ಮೇಲಿನ ಓಢಣಿ ಒಡ್ಡಿದೆ. ವಿಭೂತಿಯ ಒಂದು ತುಂಡು, ನಾಲ್ಕು ಬಿಲ್ವದ ಎಲೆ ಕೂಡ ಹಾಕಿದಳು. “ಅಂವಗ ಎಲ್ಲಾ ಗೊತ್ತೈತಿ. ನೀವು ಕೈಗೆ ಆಸರ ಕೊಟ್ಟು ನೀರಷ್ಟು ಹಾಕ್ರಿ. ತಂಗಿ ಸಿಟ್ಟಾಗಿಲ್ಲ ಅಂತ ಹೇಳ್ರಿ,” ಎಂದಳು. ಆಮೇಲೆ ತಿದ್ದಿಕೊಂಡು, “ಅಲ್ಲ, ನೀ ಸಿಟ್ಟಾಗಬ್ಯಾಡ ಅಂದಾಳಂತ ಹೇಳ್ರಿ,” ಎಂದಳು.

ಆಸ್ಪತ್ರೆ ಮುಟ್ಟುವಾಗ ಹೊತ್ತು ಮುಳುಗಿತ್ತು. ಮೂಲೆ ಕೋಣೆಯ ಬಾಗಿಲಲ್ಲಿ ಮಾವಶಿ ಸ್ಟೂಲು ಹಾಕಿಕೊಂಡು ಕೂತಿದ್ದಳು. ಅವಳ ಪಾಳಿ ನನ್ನದರ ಜೊತೆಗೇ ಮುಗಿದಿತ್ತು, ಮನೆಗೆ ಹೋಗಿರಲಿಲ್ಲ. “ಅದಾರ್ರಿ, ಅದಾರ. ಬರ್ರಿ,” ಎಂದು ಎದ್ದಳು.

ಕಾಕಾನ ಎಡಗೈ ಕೆಳಗೆ ದಿಂಬು ಇಟ್ಟು, ಅದರ ಮೇಲೆ ಸ್ಟೀಲಿನ ತಾಟು ಇಟ್ಟೆ. ಕರಡಿಗೆ ಅವರೇ ತೆರೆದರು. ಹೊತ್ತು ಹಿಡಿದರೂ ನಾನು ಕೈ ಹಾಕಲಿಲ್ಲ. ಲಿಂಗ ಅಂಗೈಯಲ್ಲಿ ಕೂತೊಡನೆ ಅವರ ಹೆಗಲು ಇಳಿಯಿತು. ನಾನು ನೀರು ಹಾಕಿದೆ. ಅವರು ವಿಭೂತಿ ಹಚ್ಚಿ ಎಲೆ ಏರಿಸಿ ಕಣ್ಣು ಮುಚ್ಚಿದರು. ಆಮೇಲೆ ಅಂಗೈಯಲ್ಲಿ ನಿಂತ ನೀರನ್ನು ಬಗ್ಗಿ ತುಟಿಗೆ ಹಚ್ಚಿದರು. ನಾನು ತಂಗಿಯ ಮಾತು ಹೇಳಿದೆ. ಹೇಳಿ ಮುಗಿಸಿ ನನ್ನ ಮಾತೂ ಹೇಳಿದೆ: “ಕಾಕಾ, ನಾ ಸರಿಯಾಗಿ ಕೇಳಲಿಲ್ಲ.”

ಅವರು ಮಾಸ್ಕ್ ಸರಿಸಿದರು. ನಾನು ಕಿವಿ ಹತ್ತಿರ ಒಯ್ದೆ. ಏನೋ ದೊಡ್ಡ ಮಾತು ಬರುತ್ತದೆ ಎಂದುಕೊಂಡೆ.

“ಚಹಾ,” ಎಂದರು. “ಸಕ್ರಿ ಜಾಸ್ತಿ.”

ಮಾವಶಿ ನಗುತ್ತ ಅಳುತ್ತ ಕ್ಯಾಂಟೀನಿಗೆ ಓಡಿದಳು. ಗದ್ದ ತುಸು ಕೆಳಗೆ ಮಾಡಿಸಿ, ಆರಿಸಿದ ಚಹಾ ಅರ್ಧರ್ಧ ಚಮಚ, ಒಂದು ನುಂಗಿದ್ದು ಕಂಡ ಮೇಲೆ ಇನ್ನೊಂದು. ಶ್ವಾಸಕೋಶಕ್ಕೆ ಇಳಿಯುವ ಅಪಾಯ ಇದ್ದೇ ಇತ್ತು. ಡಾಕ್ಟರಿಗೆ ಫೋನ್ ಮಾಡಿ ಕೇಳಿದ್ದೆ. “ಕುಡೀಲಿ ಬಿಡ್ರಿ” ಎಂದಿದ್ದರು. ನಳಿಕೆಯ ಮಾತು ಅಲ್ಲಿಗೆ ನಿಂತಿತು.

ಅದಾದ ಮೇಲೆ ಕಾಕಾ ಕೆಲವು ದಿನ ಇದ್ದರು. ದಿನಾ ಪೂಜೆ, ಆಮೇಲೆ ಚಹಾ, ಒಮ್ಮೊಮ್ಮೆ ಎರಡು ಚಮಚ ಗೋಧಿಯ ಸಿಹಿ ಸಜ್ಜಕ. ತಂಗಿ ನೆರೆಯವರನ್ನು ಗಂಡನ ಬಳಿ ಕೂಡಿಸಿ ಒಂದು ಮಧ್ಯಾಹ್ನ ಬಂದು, ಕಾಲ ಬಳಿ ಕೂತು ಹೋದಳು. ಒಂದು ಬೆಳಿಗ್ಗೆ ಪೂಜೆ ಮುಗಿಸಿ, ಲಿಂಗ ಇನ್ನೂ ಅಂಗೈಯಲ್ಲಿರುವಾಗಲೇ ಅವರ ಉಸಿರು ದೂರ ದೂರವಾಯಿತು. ನಾನು ಆ ಕೈಯ ಕೆಳಗೆ ನನ್ನ ಕೈ ಇಟ್ಟುಕೊಂಡು ಕೂತೆ. ಒಂದು ಉಸಿರಿನ ನಂತರ ಇನ್ನೊಂದು ಬರಲಿಲ್ಲ.

ಸತ್ತವರ ಕೈಕಾಲು ನೇರ ಮಾಡಿ, ಹೆಬ್ಬೆರಳು ಕಟ್ಟಿ, ಅಂಗಾತ ಮಲಗಿಸುವುದು ನಾವು ಕಲಿತ ಪಾಠ. ಲಿಂಗಾಯತರಲ್ಲಿ ಕೂಡಿಸಿ ಮಣ್ಣು ಮಾಡುತ್ತಾರೆ. ಮೈ ನೆಟ್ಟಗೆ ಸೆಟೆದುಕೊಂಡರೆ ಮನೆಯವರಿಗೆ ಸಂಕಟ. ಈ ಸಲ ಮೊದಲೇ ತಂಗಿಯನ್ನು ಕೇಳಿಟ್ಟಿದ್ದೆ. ಮಂಚದ ತಲೆಭಾಗ ಇಳಿಸಲಿಲ್ಲ. ಡಾಕ್ಟರು ತಡಮಾಡದೆ ಬಂದು ನೋಡಿ ಸಹಿ ಮಾಡಿದರು. ನಾನೂ ಮಾವಶಿಯೂ ಕಾಲು ಮಡಚಿ ಚಕ್ಕಳಮಕ್ಕಳ ಹಾಕಿಸಿ, ಬೆನ್ನಿನಿಂದ ಮೊಣಕಾಲಿಗೆ ಮೆತ್ತನೆಯ ಬಟ್ಟೆ ಕಟ್ಟಿ, ಲಿಂಗದ ಸುತ್ತ ಬೆರಳು ಮುಚ್ಚಿದೆವು. ಶವಾಗಾರಕ್ಕೆ ಕಳಿಸದೆ ಗಾಲಿಕುರ್ಚಿಯಲ್ಲೇ ಅಂಬುಲೆನ್ಸಿನ ತನಕ ಒಯ್ದೆವು. ಮೆಟ್ರನ್ ಹುಬ್ಬು ಗಂಟಿಕ್ಕಿದರು, ತಡೆಯಲಿಲ್ಲ. ಮನೆ ಮಾಲಕರು ಒಳಗೆ ಕೂತು ಕಾಕಾನ ಹೆಗಲು ಹಿಡಿದುಕೊಂಡರು. ಗಾಡಿ ಖಾನಾಪುರದ ಕಡೆ ಹೋಯಿತು.

ಕೋಣೆಗೆ ಮರಳಿದಾಗ ಕಾಕಾನಿಗೆಂದು ತಂದಿದ್ದ ಚಹಾ ಟೇಬಲ್ ಮೇಲೆ ಕೆನೆಗಟ್ಟಿತ್ತು. ನಾನು ಸ್ಟೂಲಿನ ಮೇಲೆ ಕೂತು ಅತ್ತೆ. ಕಾಕಾನಿಗಾಗಿಯೋ ಅಜ್ಜಿಗಾಗಿಯೋ ಟಿಳಕವಾಡಿಯ ಖೋಲಿಗಾಗಿಯೋ, ಬೇರೆ ಮಾಡಿ ಹೇಳಲಾರೆ. ಮಾವಶಿ ಹಾಸಿಗೆಯ ಬಟ್ಟೆ ತೆಗೆಯುತ್ತಿದ್ದವಳು ನಿಲ್ಲಿಸಿದಳು.

“ಒಂದ ಮಾತು ಕೇಳಲೇನ್ರಿ ಸಿಸ್ಟರ್? ನೀವು ಸಂಜೀಕ ನಮ್ಮ ಜೋಡಿ ಯಾಕ ಉಣ್ಣಂಗಿಲ್ಲ?”

ಇಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಹೇಳಿದೆ. ಅವಳು ಬಟ್ಟೆಯ ಗಂಟನ್ನು ಎದೆಗೊತ್ತಿಕೊಂಡು ಕೇಳಿದಳು. “ಅಯ್ಯ, ಇಷ್ಟನ? ನಾ ಏನೇನೋ ಅಂದೀನಲ್ರಿ ನಿಮಗ,” ಎಂದು ಗಂಟು ಎತ್ತಿಕೊಂಡು ಹೋದಳು.

ಈಗ ಆ ಕೋಣೆಗೆ ಯಾರೇ ಬರಲಿ, ಕೊರಳಲ್ಲಿ, ತೋಳಲ್ಲಿ, ಸೊಂಟದಲ್ಲಿ ಏನಿತ್ತು, ಎಲ್ಲಿ ಹೋಯಿತು, ಉಣ್ಣುವ ಮುಂಚೆ ಏನು ಮಾಡುತ್ತೀರಿ ಎಂದು ಮೊದಲು ಕೇಳುತ್ತೇವೆ. ತಲೆಯಾಡಿಸಿ ಮುಗಿಸುವ ಪ್ರಶ್ನೆ ಕೇಳುವುದಿಲ್ಲ. ಬದಲಿ ಹುಡುಕುವ ಸಿಸ್ಟರುಗಳು ಇನ್ನೂ ಹುಡುಕುತ್ತಾರೆ, ಆ ಕೋಣೆ ಇನ್ನೂ ನನ್ನದೇ.

ಕಾಕಾ ಹೋದ ಮುಂದಿನ ವಾರ ನನಗೆ ಸಂಜೆ ಪಾಳಿ ಬಿತ್ತು. ಹೊಸ ರೋಗಿಯ ದಿಂಬು ಸರಿಮಾಡುತ್ತಿದ್ದೆ, ಕಿಟಕಿಯ ಬಿಸಿಲು ಗೋಡೆಯ ಮೇಲಿಂದ ಜಾರುತ್ತಿತ್ತು. ಬಾಗಿಲಲ್ಲಿ ಮಾವಶಿ ನಿಂತಿದ್ದಳು. ಅವಳ ಕೈಯಲ್ಲಿ ಎರಡು ಡಬ್ಬಿಗಳಿದ್ದವು, ಒಂದು ಅವಳದು, ಒಂದು ನನ್ನದು.

“ಹೊತ್ತು ಮುಳಗಾಕ ಬಂತು, ಬರ್ರಿ ಲಗೂನ,” ಎಂದಳು. “ಎಲ್ಲಾರೂ ಕಾಯಾಕತ್ತಾರ.”